ಬಿಗಿಯುವ ಮುನ್ನ ಅಳೆಯಿರಿ

ಪರೀಕ್ಷೆ ಮುಗಿಸಿದ ಮಗ ಸೈಕಲ್ ಬೇಕೆನ್ನುತ್ತಾನೆ. ಅಂಗಡಿಗೆ ಹೋಗಿ ತರೋಣವೆಂದು ಅಪ್ಪ ಹೊರಟರೆ, ‘ಬೇಡಪ್ಪಾ, ಫ್ರೇಮ್ ಮಾತ್ರ ತರಿಸೋಣ. ಉಳಿದದ್ದನ್ನು ನಾನೇ ಜೋಡಿಸುತ್ತೇನೆ’ ಎಂಬ ಉತ್ತರ. ಕೆಲವು ದಿನಗಳಲ್ಲಿ ಮನೆಗೊಂದು ದೊಡ್ಡ ರಟ್ಟಿನ ಪೆಟ್ಟಿಗೆ ಬರುತ್ತದೆ. ಒಳಗಿನ ಕಪ್ಪು ಫ್ರೇಮನ್ನು ಅಪ್ಪ ಒಂದೇ ಕೈಯಲ್ಲಿ ಎತ್ತಿ ನೋಡುತ್ತಾರೆ. ಒಂದೂವರೆ ಕಿಲೋ ಸಹ ಇದ್ದಂತಿಲ್ಲ. ಅವರು ಕಾಲೇಜಿಗೆ ತುಳಿದುಕೊಂಡು ಹೋಗುತ್ತಿದ್ದ ಸೈಕಲ್ಲು ಇಪ್ಪತ್ತು ಕಿಲೋ ತೂಗುತ್ತಿತ್ತು. ‘ಇದರ ಮೇಲೆ ಕೂತು ಗುಡ್ಡ ಇಳಿಯುತ್ತೀಯಾ? ಮುರಿದರೆ?’ ಎಂದು ಅವರು ಕೇಳುವುದು ಸಹಜವೇ.

ಈ ಪ್ರಶ್ನೆಗೆ ಉತ್ತರ ಫ್ರೇಮಿನಲ್ಲಿ ಎಷ್ಟಿದೆಯೋ ಜೋಡಿಸುವವನ ಕೈಯಲ್ಲೂ ಅಷ್ಟೇ ಇದೆ. ಸರಿಯಾಗಿ ಜೋಡಿಸಿದ ಕಾರ್ಬನ್ ಫ್ರೇಮ್ ಕಲ್ಲುಗುಡ್ಡವನ್ನು ಹತ್ತಿ ಇಳಿಯುತ್ತದೆ. ತಪ್ಪಾಗಿ ಬಿಗಿದರೆ ಮನೆಯ ಜಗುಲಿಯ ಮೇಲೆಯೇ ಹಾಳಾಗುತ್ತದೆ.

ಮೌಂಟನ್ ಬೈಕ್ ಎಂಬ ವಾಹನ ಹುಟ್ಟಿದ್ದೇ ಇಂಥ ಜೋಡಣೆಯಿಂದ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಉತ್ತರಕ್ಕೆ ಮರೀನ್ ಎಂಬ ಗುಡ್ಡಗಾಡು ಪ್ರದೇಶವಿದೆ. 1970ರ ದಶಕದಲ್ಲಿ ಅಲ್ಲಿನ ಯುವಕರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಹುಡುಕಿ ತಂದು, ಅವುಗಳಿಗೆ ಗೇರು, ಮೋಟಾರ್ ಸೈಕಲ್ಲಿನ ಬ್ರೇಕ್ ಹಿಡಿಕೆಗಳನ್ನು ಹೊಂದಿಸಿ ಗುಡ್ಡ ಇಳಿಯತೊಡಗಿದರು. 1976ರ ಅಕ್ಟೋಬರ್ 21ರಂದು ಅವರ ಮೊದಲ ಸ್ಪರ್ಧೆ ನಡೆಯಿತು. ಅದರ ಹೆಸರು ‘ರಿಪ್ಯಾಕ್’. ಇಳಿಜಾರಿನಲ್ಲಿ ಹಿಂಬದಿಯ ಬ್ರೇಕ್ ಎಷ್ಟು ಕಾಯುತ್ತಿತ್ತೆಂದರೆ ಒಳಗಿನ ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತು. ಕೆಳಗೆ ತಲುಪಿದ ಮೇಲೆ ಹೊಸ ಗ್ರೀಸು ತುಂಬಬೇಕಾಗುತ್ತಿತ್ತು. ಹಾಗೆ ಮತ್ತೆ ತುಂಬುವ ಕೆಲಸದಿಂದಲೇ ಆ ಹೆಸರು ಬಂತು. ಮರುವರ್ಷ ಜೋ ಬ್ರೀಜ್ ಎಂಬಾತ ಗುಡ್ಡದ ಸವಾರಿಗೆಂದೇ ಹೊಸ ಫ್ರೇಮ್ ತಯಾರಿಸಿದ. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಈ ಆಟಕ್ಕೆ ಜಾಗ ಸಿಕ್ಕಿತು.

ಇವುಗಳಲ್ಲಿ ‘ಹಾರ್ಡ್‌ಟೇಲ್’ ಎಂದರೆ ಮುಂದಿನ ಫೋರ್ಕಿಗೆ ಮಾತ್ರ ಸಸ್ಪೆನ್ಷನ್ ಇದ್ದು, ಹಿಂಭಾಗ ಗಟ್ಟಿಯಾಗಿರುವ ಸೈಕಲ್. ಹಿಂದೆ ಕೀಲುಗಳಿಲ್ಲ, ಷಾಕ್ ಅಬ್ಸಾರ್ಬರ್ ಇಲ್ಲ. ಹಾಗಾಗಿ ತೂಕ ಕಡಿಮೆ, ಜೋಡಣೆಯೂ ಸುಲಭ. ಮೊದಲ ಬಾರಿ ಜೋಡಿಸುವ ವಿದ್ಯಾರ್ಥಿಗೆ ಇದೇ ಸೂಕ್ತ.

ಇನ್ನು ಕಾರ್ಬನ್ನಿನ ಸ್ವಭಾವ. ವಿಶೇಷ ಪ್ಲಾಸ್ಟಿಕ್ ಎಳೆಗಳನ್ನು ಆಮ್ಲಜನಕವಿಲ್ಲದ ಕುಲುಮೆಯಲ್ಲಿ ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿದಾಗ ಬಹುಪಾಲು ಇಂಗಾಲವೇ ಉಳಿಯುತ್ತದೆ. ಈ ಎಳೆ ನಮ್ಮ ತಲೆಗೂದಲಿಗಿಂತ ಹತ್ತು ಪಟ್ಟು ತೆಳು. ಇಂಥ ಎಳೆಗಳ ಹಾಳೆಗಳನ್ನು ಅಂಟಿನಲ್ಲಿ ಅದ್ದಿ, ಪದರದ ಮೇಲೆ ಪದರವಾಗಿ ಅಚ್ಚಿನಲ್ಲಿಟ್ಟು ಗಟ್ಟಿ ಮಾಡಿದರೆ ಫ್ರೇಮ್ ಸಿದ್ಧ. ಇದರ ಬಲವೆಲ್ಲ ಎಳೆ ಸಾಗುವ ದಿಕ್ಕಿನಲ್ಲಿದೆ. ಬಿದಿರಿನ ಗಳವನ್ನು ನೆನೆಸಿಕೊಂಡರೆ ಇದು ಅರ್ಥವಾಗುತ್ತದೆ. ಉದ್ದಕ್ಕೆ ಅದು ಚಪ್ಪರವನ್ನೇ ಹೊರುತ್ತದೆ. ಅಡ್ಡಲಾಗಿ ಹಿಂಡಿದರೆ ಸೀಳುತ್ತದೆ. ಕಾರ್ಬನ್ ಕೊಳವೆಯೂ ಸವಾರನ ಭಾರವನ್ನು ತಾಳುತ್ತದೆ, ಸುತ್ತಲಿಂದ ಹಿಂಡುವ ಪಟ್ಟಿಯನ್ನು ತಾಳುವುದಿಲ್ಲ. ಉಕ್ಕು ಮೊದಲು ಬಾಗುತ್ತದೆ, ಬಾಗಿದ್ದು ಕಣ್ಣಿಗೆ ಕಾಣುತ್ತದೆ. ಕಾರ್ಬನ್ ಒಳಗೇ ಬಿರುಕು ಬಿಟ್ಟು, ಹೊರಗೆ ನುಣ್ಣಗೆ ಕಾಣುತ್ತ, ಒಂದು ದಿನ ಥಟ್ಟನೆ ಮುರಿಯಬಹುದು. ಅಪ್ಪನ ಆತಂಕಕ್ಕೆ ಆಧಾರವಿರುವುದು ಇಲ್ಲಿಯೇ.

ಆದ್ದರಿಂದ ಮೊದಲ ಕೆಲಸ ಸ್ಪ್ಯಾನರಿನದಲ್ಲ, ನೋಟ್‌ಬುಕ್ಕಿನದು. ಫ್ರೇಮಿನ ಆರು ಅಳತೆಗಳನ್ನು ಬರೆದುಕೊಳ್ಳದೆ ಒಂದು ಬೋಲ್ಟನ್ನೂ ಕೊಳ್ಳಬಾರದು. ಒಂದು, ಚಕ್ರದ ಅಳತೆ: 26, 27.5 ಹಾಗೂ 29 ಇಂಚಿನ ಚಕ್ರಗಳ ರಿಮ್ಮಿನಲ್ಲಿ ಟೈರು ಕೂರುವ ಜಾಗದ ವ್ಯಾಸ ಕ್ರಮವಾಗಿ 559, 584 ಮತ್ತು 622 ಮಿಲಿಮೀಟರ್. ಎರಡು, ಹಿಂದಿನ ಅಚ್ಚಿನ ಅಗಲ: 135, 142 ಮತ್ತು 148 ಮಿ.ಮೀ. ಮೂರೂ ಬಳಕೆಯಲ್ಲಿವೆ. ಮೂರು, ಪೆಡಲಿನ ಕ್ರ್ಯಾಂಕ್ ತಿರುಗುವ ಬಿ.ಬಿ. ಬೇರಿಂಗ್ ಮರೆಯಿಂದ ತಿರುಗಿಸುವಂಥದೋ, ಒತ್ತಿ ಕೂರಿಸುವಂಥದೋ ಎಂಬುದು. ನಾಲ್ಕು, ಫೋರ್ಕಿನ ಕೊಳವೆ ಹಾದುಹೋಗುವ ತಲೆಕೊಳವೆಯ ವ್ಯಾಸ. ಐದು, ಸೀಟಿನ ಕಂಬದ ವ್ಯಾಸ: 27.2, 30.9, 31.6 ಹೀಗೆ. ಆರು, ಡಿಸ್ಕ್ ಬ್ರೇಕ್ ಕೂರುವ ಜಾಗದ ಮಾದರಿ. 142ರ ಫ್ರೇಮಿಗೆ 148ರ ಚಕ್ರ ತಂದರೆ ಅಂತರ ಬರೀ ಆರು ಮಿಲಿಮೀಟರ್. ಆದರೂ ಚಕ್ರ ಒಳಗೆ ಹೋಗುವುದಿಲ್ಲ. ಹೀಗೆ ತಂದ ಸಾಮಾನು ಮೂಲೆ ಸೇರಿ ಹಣ ಕಳೆದುಕೊಳ್ಳುವುದು ಹೊಸಬರಲ್ಲಿ ಸಾಮಾನ್ಯ.

ಬಳಸಿದ ಫ್ರೇಮ್ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವವರು ಇನ್ನಷ್ಟು ಎಚ್ಚರದಿಂದಿರಬೇಕು. ಕೊಳವೆಗಳು ಕೂಡುವ ಕಡೆ, ಬಿ.ಬಿ. ಸುತ್ತ, ಸೀಟಿನ ಪಟ್ಟಿಯ ಕೆಳಗೆ ಬೆಳಕು ಹಿಡಿದು ನೋಡಬೇಕು. ನಾಣ್ಯದಿಂದ ಮೆಲ್ಲಗೆ ತಟ್ಟುತ್ತ ಹೋದಾಗ ಎಲ್ಲಾದರೂ ಸದ್ದು ಮಂಕಾದರೆ ಸಂಶಯ ಪಡಬೇಕು. ಆದರೆ ಸದ್ದು ಸರಿಯಿದ್ದ ಮಾತ್ರಕ್ಕೆ ಫ್ರೇಮ್ ಸರಿಯಿದೆ ಎನ್ನಲಾಗದು. ಸಂಶಯ ಬಂದರೆ ತಿಳಿದವರಿಗೆ ತೋರಿಸಬೇಕು, ಇಲ್ಲವೇ ಬಿಡಬೇಕು.

ಜೋಡಣೆಗೂ ಒಂದು ಕ್ರಮವಿದೆ. ಸ್ಟ್ಯಾಂಡಿಗೆ ಸಿಕ್ಕಿಸುವಾಗ ಕಾರ್ಬನ್ ಕೊಳವೆಯನ್ನು ಹಿಡಿಸದೆ ಸೀಟಿನ ಕಂಬವನ್ನು ಹಿಡಿಸಬೇಕು. ಮೊದಲು ತಲೆಕೊಳವೆಯ ಬೇರಿಂಗು, ಫೋರ್ಕು, ಆಮೇಲೆ ಬಿ.ಬಿ., ಕ್ರ್ಯಾಂಕು, ಬಳಿಕ ಚಕ್ರ, ಬ್ರೇಕು, ಗೇರು, ಕೊನೆಗೆ ಚೈನು. ಫೋರ್ಕಿನ ಕೊಳವೆಯನ್ನು ಕತ್ತರಿಸುವ ಮುನ್ನ ಎರಡು ಸಲ ಅಳೆಯಬೇಕು, ಒಂದಿಷ್ಟು ಹೆಚ್ಚೇ ಬಿಡಬೇಕು. ಉದ್ದವಾದದ್ದನ್ನು ಮತ್ತೆ ಕತ್ತರಿಸಬಹುದು, ಗಿಡ್ಡವಾದದ್ದನ್ನು ಬೆಳೆಸಲಾಗದು. ಎಡ ಪೆಡಲಿನ ಮರೆ ಉಲ್ಟಾ ತಿರುಗುತ್ತದೆ. ಮರೆಯುಳ್ಳ ಮೌಂಟನ್ ಬೈಕ್ ಬಿ.ಬಿ.ಗಳಲ್ಲಿ ಸಾಮಾನ್ಯವಾಗಿ ಬಲಗಡೆಯದು ಉಲ್ಟಾ. ಇದನ್ನು ಅರಿಯದೆ ಬಲ ಪ್ರಯೋಗಿಸಿದರೆ ಮರೆಯೇ ಕಿತ್ತುಹೋಗುತ್ತದೆ. ಚೈನನ್ನು ಗೇರ್ ಬದಲಿಸುವ ಡಿರೇಲರ್ ಮೂಲಕ ಹಾಯಿಸದೆ, ಮುಂದಿನ ಮತ್ತು ಹಿಂದಿನ ಅತಿ ದೊಡ್ಡ ಹಲ್ಲುಚಕ್ರಗಳ ಸುತ್ತ ನೇರವಾಗಿ ಹಾಯಿಸಿ, ತುದಿಗಳು ಕೂಡುವಲ್ಲಿಂದ ಎರಡು ಕೊಂಡಿ ಹೆಚ್ಚಿಗೆ ಬಿಡುವುದು ವಾಡಿಕೆ. ಡಿಸ್ಕ್ ಬ್ರೇಕಿನ ಎಣ್ಣೆಯಲ್ಲಿ ಮಿನರಲ್ ಆಯಿಲ್, ಡಾಟ್ ಎಂದು ಎರಡು ಬಗೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ರಬ್ಬರ್ ಸೀಲುಗಳು ಕೆಟ್ಟು, ಇಳಿಜಾರಿನಲ್ಲಿ ಬ್ರೇಕ್ ಕೈಕೊಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಉಪಕರಣ ಟಾರ್ಕ್ ಸ್ಪ್ಯಾನರ್. ಕಾರ್ಬನ್ ಫ್ರೇಮಿನ ಹಲವು ಬೋಲ್ಟುಗಳ ಪಕ್ಕದಲ್ಲಿ ಎಷ್ಟು ಬಿಗಿಯಬೇಕೆಂದು ತಯಾರಕರೇ ಬರೆದಿರುತ್ತಾರೆ. ಸೀಟಿನ ಪಟ್ಟಿಗೆ ಅದು ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು. ಭೌತಶಾಸ್ತ್ರದ ಪುಸ್ತಕದಲ್ಲಿ ಓದಿ ಮರೆತ ಈ ಮಾನಕ್ಕೆ ಇಲ್ಲಿ ಜೀವ ಬರುತ್ತದೆ. ಹತ್ತು ಸೆಂಟಿಮೀಟರ್ ಉದ್ದದ ಅಲೆನ್ ಕೀಯ ತುದಿಯಲ್ಲಿ 50 ನ್ಯೂಟನ್, ಅಂದರೆ ಸುಮಾರು ಐದು ಕಿಲೋ ತೂಗುಹಾಕಿದಷ್ಟು ಬಲ ಕೊಟ್ಟರೆ 5 ನ್ಯೂಟನ್ ಮೀಟರ್ ಮುಟ್ಟುತ್ತದೆ. ಎರಡು ಬಕೆಟ್ ನೀರು ಹೊರುವ ಕೈಗೆ ಐದು ಕಿಲೋ ಯಾವ ಲೆಕ್ಕ? ‘ಇನ್ನರ್ಧ ಸುತ್ತು ಇರಲಿ’ ಎಂದು ತಿರುಗಿಸಿದಾಗ ಅದು ದುಪ್ಪಟ್ಟಾಗಿರುತ್ತದೆ. ಉಕ್ಕಿನ ಸೈಕಲ್ಲಿನಲ್ಲಿ ಒಳ್ಳೆಯ ಅಭ್ಯಾಸವೆನಿಸಿದ್ದ ಆ ಅರ್ಧ ಸುತ್ತು ಕಾರ್ಬನ್ನಿಗೆ ಕೊಡಲಿ ಪೆಟ್ಟು.

ಹಾಗಾದರೆ ಸೀಟು ಜಾರಿದರೆ? ಹೆಚ್ಚು ಬಿಗಿಯುವುದು ಪರಿಹಾರವಲ್ಲ. ಕಾರ್ಬನ್ನಿಗೆಂದೇ ಸಿಗುವ, ಸಣ್ಣ ಹರಳುಗಳುಳ್ಳ ಲೇಪವನ್ನು ಕಂಬಕ್ಕೆ ಸವರಿದರೆ ಕಡಿಮೆ ಬಿಗಿತಕ್ಕೇ ಹಿಡಿತ ಬರುತ್ತದೆ. ಆ ಜಾಗದಲ್ಲಿ ಗ್ರೀಸು ಸಲ್ಲದು. ಕಂಬ ಅಲ್ಯೂಮಿನಿಯಂ ಆಗಿದ್ದರೆ ಆಗಾಗ ಹೊರತೆಗೆದು ಒರೆಸಿಡಬೇಕು. ಅಲ್ಯೂಮಿನಿಯಂ, ಇಂಗಾಲ, ನಡುವೆ ಬೆವರು ಅಥವಾ ಮಳೆನೀರು ಸೇರಿದರೆ ಸಣ್ಣದೊಂದು ವಿದ್ಯುತ್ ಕೋಶವೇ ಆಗಿ, ಲೋಹ ಕಿಲುಬು ಹಿಡಿದು ಕಂಬ ಅಲ್ಲಾಡದಂತೆ ಕಚ್ಚಿಕೊಳ್ಳುತ್ತದೆ.

ಪೋಷಕರು ತಿಳಿದಿರಬೇಕಾದ ಒಂದು ಮಾತು: ಬಿಡಿಭಾಗ ಕೊಂಡು ಜೋಡಿಸುವುದರಿಂದ ಹಣ ಉಳಿಯುವುದು ಅಪರೂಪ. ಹೊಸ ಭಾಗಗಳಾದರೆ ಸಿದ್ಧ ಸೈಕಲ್ಲಿಗಿಂತ ಹೆಚ್ಚೇ ಖರ್ಚಾದೀತು. ಹಣ ಉಳಿಸುವುದೇ ಉದ್ದೇಶವಾದರೆ ಈ ಹಾದಿ ಬೇಡ. ಕಲಿಯುವುದು ಉದ್ದೇಶವಾದರೆ ಅಲ್ಯೂಮಿನಿಯಂ ಫ್ರೇಮಿನಿಂದಲೂ ಬಹುಪಾಲು ಪಾಠ ಸಿಗುತ್ತದೆ. ಬೇರಿಂಗ್ ಒತ್ತಿ ಕೂರಿಸುವುದು, ಫೋರ್ಕಿನ ಕೊಳವೆ ಕತ್ತರಿಸುವುದು, ಬ್ರೇಕಿನ ಗಾಳಿ ತೆಗೆಯುವುದು — ಈ ಮೂರನ್ನು ಮೊದಲ ಸಲ ಅನುಭವಿ ಮೆಕ್ಯಾನಿಕ್ ಬಳಿ ಮಾಡಿಸಿ, ಪಕ್ಕದಲ್ಲಿ ನಿಂತು ನೋಡುವುದರಲ್ಲಿ ಅವಮಾನವೇನಿಲ್ಲ.

ಮೊದಲ ಸವಾರಿ ಗುಡ್ಡದಲ್ಲಿ ಬೇಡ, ಖಾಲಿ ಮೈದಾನದಲ್ಲಿರಲಿ. ತಲೆಗೆ ಹೆಲ್ಮೆಟ್ ಇರಲಿ. ಹದವಾದ ವೇಗದಿಂದ ಇಪ್ಪತ್ತು ಸಲ ಬ್ರೇಕ್ ಹಿಡಿದು ಬಿಟ್ಟರೆ ಹೊಸ ಡಿಸ್ಕು ಪಳಗುತ್ತದೆ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿದಾಗ ತಲೆಯ ಬೇರಿಂಗಿನಲ್ಲಿ ಕಟಕಟ ಸದ್ದಾದರೆ ಸಡಿಲವಿದೆಯೆಂದು ಅರ್ಥ. ಮೊದಲ ಕೆಲವು ಸವಾರಿಗಳಾದ ಮೇಲೆ ಪ್ರತಿ ಬೋಲ್ಟನ್ನೂ ಮತ್ತೆ ಅಳತೆಯಿಂದಲೇ ಪರೀಕ್ಷಿಸಬೇಕು.

ಕೊನೆಯ ಬೋಲ್ಟಿನ ಸರದಿ ಬಂದಾಗ ಮಗ ಸ್ಪ್ಯಾನರನ್ನು ಅಪ್ಪನ ಕೈಗೆ ಕೊಡಲಿ. ನಿಗದಿತ ಬಿಗಿತ ಬಂದೊಡನೆ ಅದು ‘ಟಕ್’ ಎನ್ನುತ್ತದೆ. ಅಭ್ಯಾಸಬಲದಿಂದ ಅಪ್ಪನ ಕೈ ಇನ್ನಷ್ಟು ತಿರುಗಿಸಲು ಹೊರಟೀತು. ‘ಸಾಕಪ್ಪಾ, ಅಷ್ಟೇ’ ಎಂದು ಮಗ ತಡೆದು, ಯಾಕೆಂದು ವಿವರಿಸಬಲ್ಲನಾದರೆ ಆ ಸೈಕಲ್ಲನ್ನು ಅವನ ಕೈಗೆ ಧೈರ್ಯವಾಗಿ ಕೊಡಬಹುದು.