ಗಟ್ಟಿ ತಗಡಿನ ನಂಬಿಕೆ

‘ಆಗಿನ ತಗಡು ನೋಡಿ, ಏನು ಗಟ್ಟಿ! ಈಗಿನವು ಬೆರಳಲ್ಲಿ ಒತ್ತಿದರೂ ತಗ್ಗು ಬೀಳುತ್ತವೆ.’ ಅಂಬಾಸಿಡರ್ ಬಾನೆಟ್ ಮೇಲೆ ಕೈ ಬಡಿದು ಹೀಗೆನ್ನುವವರು ಊರೂರಲ್ಲೂ ಇದ್ದಾರೆ. ತಗಡಿನ ಮಟ್ಟಿಗೆ ಮಾತು ನಿಜ. ಆದರೆ ಡಿಕ್ಕಿಯಾದಾಗ ಉಳಿಯಬೇಕಾದದ್ದು ತಗಡೋ, ಒಳಗೆ ಕೂತವರೋ?

ಅಮೆರಿಕದ ವಿಮಾ ಕಂಪನಿಗಳ ಬೆಂಬಲದ ಹೆದ್ದಾರಿ ಸುರಕ್ಷತಾ ಸಂಸ್ಥೆ ತನಗೆ 50 ವರ್ಷ ತುಂಬಿದಾಗ, 2009ರಲ್ಲಿ, ಇದನ್ನು ನೇರವಾಗಿ ಪರೀಕ್ಷಿಸಿತು. 1959ರ ಷೆವರ್ಲೆ ಬೆಲ್ ಏರ್ ಮತ್ತು 2009ರ ಷೆವರ್ಲೆ ಮಾಲಿಬು ಸೆಡಾನ್, ಎರಡನ್ನೂ ಗಂಟೆಗೆ ಸುಮಾರು 64 ಕಿ.ಮೀ. ವೇಗದಲ್ಲಿ ಎದುರುಬದುರಾಗಿ, ಚಾಲಕರ ಬದಿ ತಾಗುವಂತೆ ಗುದ್ದಿಸಲಾಯಿತು. ಬೆಲ್ ಏರ್‌ನ ಕ್ಯಾಬಿನ್ನೇ ಕುಸಿಯಿತು. ಸ್ಟೀರಿಂಗ್ ಹಿಂದಕ್ಕೆ ನುಗ್ಗಿತು. ಬೆಲ್ಟೂ ಇಲ್ಲ, ಏರ್‌ಬ್ಯಾಗೂ ಇಲ್ಲ. ಚಾಲಕನ ಸೀಟಿನಲ್ಲಿ ಕೂರಿಸಿದ್ದ ಬೊಂಬೆಯ ಜಾಗದಲ್ಲಿ ಮನುಷ್ಯನಿದ್ದಿದ್ದರೆ ಬದುಕುತ್ತಿರಲಿಲ್ಲ. ಮಾಲಿಬುವಿನ ಮೂತಿ ನಜ್ಜುಗುಜ್ಜಾಯಿತು, ಕ್ಯಾಬಿನ್ ನಿಂತಿತು. ಅದರ ಚಾಲಕನಿಗೆ ಆಗಬಹುದಾಗಿದ್ದದ್ದು ಕಾಲಿನ ಸಣ್ಣ ಗಾಯ.

ಮೂತಿ ಮುದುಡಿದ್ದರಿಂದಲೇ ಚಾಲಕ ಉಳಿದ. ನಿಲ್ಲಲು ಸಿಗುವ ದೂರ ಎರಡು ಪಟ್ಟಾದರೆ ದೇಹದ ಮೇಲಿನ ಸರಾಸರಿ ಬಲ ಅರ್ಧಕ್ಕಿಳಿಯುತ್ತದೆ. ಮುಂಭಾಗ ಮಡಚಿಕೊಳ್ಳಬೇಕು, ಕ್ಯಾಬಿನ್ ಮಡಚಿಕೊಳ್ಳಬಾರದು. ಬೆಲ್ ಏರ್‌ನಲ್ಲಿ ಕ್ಯಾಬಿನ್ನೇ ಮಡಚಿಕೊಂಡಿತು.

ಬೆಲ್ ಏರ್‌ನ ಈ ಸೋಲನ್ನು ಕೇವಲ ಕಾಲದ ಮಿತಿ ಎಂದು ಒಪ್ಪುವುದು ಕಷ್ಟ. ಹೀಗೆ ಮುದುಡುವ ಮುಂಭಾಗದ ಕಲ್ಪನೆಗೆ ಬೇಲಾ ಬರೇನಿ ಎಂಬ ಎಂಜಿನಿಯರ್‌ಗೆ 1952ರಲ್ಲೇ ಪೇಟೆಂಟ್ ಸಿಕ್ಕಿತ್ತು. 1959ರಲ್ಲಿ ಅದು ಮರ್ಸಿಡಿಸ್ ಕಾರಾಗಿ ರಸ್ತೆಗಿಳಿಯಿತು. ಅದೇ ವರ್ಷ ವೋಲ್ವೊ ಮೂರು ಬಿಂದುಗಳ ಸೀಟ್ ಬೆಲ್ಟ್ ಅಳವಡಿಸಿತು. ಅರಿವು ಇತ್ತು, ಒತ್ತಾಯ ಇರಲಿಲ್ಲ. ಕಾರುಗಳ ಅಸುರಕ್ಷತೆಯ ಬಗ್ಗೆ ರಾಲ್ಫ್ ನೇಡರ್ ಬರೆದ ಪುಸ್ತಕ 1965ರಲ್ಲಿ ಕೆರಳಿಸಿದ ಸಿಟ್ಟು ಮರುವರ್ಷ ಅಮೆರಿಕದಲ್ಲಿ ವಾಹನ ಸುರಕ್ಷತಾ ಕಾನೂನಾಯಿತು. ಹಳೆಯ ಕಾರಿಗೂ ಹೊಸದಕ್ಕೂ ನಡುವಿನ ಅಂತರದ ದೊಡ್ಡ ಪಾಲು ಇಂಥ ಕಾನೂನಿನದು.

ಭಾರತದಲ್ಲಿ ಆ ಒತ್ತಾಯ ಬಹಳ ತಡವಾಗಿ ಬಂತು. 1950ರ ದಶಕದ ಮಾರಿಸ್ ಆಕ್ಸ್‌ಫರ್ಡ್ ವಿನ್ಯಾಸದ ಅಂಬಾಸಿಡರ್ ಉತ್ತರಪಾರಾದಲ್ಲಿ 2014ರವರೆಗೆ ತಯಾರಾಯಿತು. ಹೊಸ ಮಾದರಿಗಳಿಗೆ ಡಿಕ್ಕಿ ಪರೀಕ್ಷೆ ಕಡ್ಡಾಯವಾದದ್ದು 2017ರ ಅಕ್ಟೋಬರ್‌ನಲ್ಲಿ. ಅಷ್ಟು ವರ್ಷ ಜನ ಜೀವ ಪಣವಿಟ್ಟು ಓಡಾಡಿದರು. ಈಗ ನೋಡಿ, ಅಂಬಾಸಿಡರ್‌ಗಿಂತ ಗಿಡ್ಡವೂ ಹಗುರವೂ ಆದ ಮಾರುತಿ ಡಿಜೈರ್‌ನ 2024ರ ಮಾದರಿ ಆರು ಏರ್‌ಬ್ಯಾಗ್‌ಗಳೊಂದಿಗೆ, ದೊಡ್ಡವರ ರಕ್ಷಣೆಗೆ ಕಾರುಗಳ ಡಿಕ್ಕಿ ಪರೀಕ್ಷೆ ನಡೆಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯಿಂದ ಐದಕ್ಕೆ ಐದು ನಕ್ಷತ್ರ ಪಡೆಯಿತು.

ಹಳೆಯ ಕಾರಿನ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಅಂಬಾಸಿಡರ್ ಕೆಟ್ಟು ನಿಂತರೆ ಹಳ್ಳಿಯ ಮೆಕ್ಯಾನಿಕ್ ಕಾರ್ಬುರೇಟರ್ ಬಿಚ್ಚಿ ಊದಿ, ಮರದ ನೆರಳಲ್ಲೇ ಸರಿಪಡಿಸಿ ಕಳಿಸುತ್ತಿದ್ದ. ಇಂದು ಒಂದು ಸೆನ್ಸರ್ ಕೆಟ್ಟರೂ ಸ್ಕ್ಯಾನರ್ ಇರುವ ಸರ್ವಿಸ್ ಸೆಂಟರ್ ಹುಡುಕಬೇಕು. ಇದು ನಿಜವಾದ ನಷ್ಟ. ರಿಪೇರಿಯ ಹಕ್ಕನ್ನು ಗ್ರಾಹಕರು ಗಟ್ಟಿಯಾಗಿಯೇ ಕೇಳಬೇಕು. ಹಾಗೆಂದು ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗಿಳಿಯುವಾಗ ಹಳೆಯ ಕಾರಿನ ತಗಡನ್ನು ನಂಬಿ ಹೊರಡಬಾರದು. ಅಂಥ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವರು ಬೆಲ್ಟ್ ಹಾಕಿಸಿ, ಭಾನುವಾರ ಬೆಳಗಿನ ಖಾಲಿ ರಸ್ತೆಗಷ್ಟೇ ಅದನ್ನು ತೆಗೆಯಲಿ.