ದನದ ಜಾತ್ರೆಯಲ್ಲಿ ಮೂರು ರೇಟು: ಹಳ್ಳಿಕಾರ್‌ಗೆ ಲಕ್ಷ, ಸೀಮೆ ಹೋರಿಕರು ಯಾರಿಗೂ ಬೇಡ. ಯಾಕೆ ಹೀಗೆ?

ದೊಡ್ಡಬಳ್ಳಾಪುರ: ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಬಗ್ಗೆ ನಮ್ಮ ತಾಲ್ಲೂಕಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಪುಷ್ಯ ಮಾಸದ ಬ್ರಹ್ಮರಥೋತ್ಸವಕ್ಕೆ ಮುಂಚೆಯೇ ಬಯಲು ತುಂಬುತ್ತೆ. ಶಾಮಿಯಾನ ಹಾಕಿಸಿ, ಕೊಂಬಿಗೆ ಕಳಸ ತೊಡಿಸಿ, ತಮಟೆ ವಾದ್ಯದ ಜೊತೆ ಹಳ್ಳಿಕಾರ್ ಜೋಡಿ ಮೆರೆಸುವವರೂ ಬರ್ತಾರೆ. ಯಾವ ಜೋಡಿ ಎಷ್ಟಕ್ಕೆ ಹೋಯ್ತು ಅನ್ನೋ ಮಾತು ಸಂಜೆಯೊಳಗೆ ಪೇಟೆ ಟೀ ಅಂಗಡಿಗೆ ಬಂದಿರುತ್ತೆ.

ಆದ್ರೆ ಜಾತ್ರೆಯ ರೇಟು ನೋಡಿ ದನದ ವ್ಯಾಪಾರ ಚೆನ್ನಾಗಿದೆ ಅಂದುಕೊಂಡರೆ ಅರ್ಧ ಮಾತ್ರ ನಿಜ. ಅದೇ ಊರಿನ ಹಟ್ಟಿಯಲ್ಲಿ ಹಾಲು ಬತ್ತಿದ ಸೀಮೆಹಸು ಕಟ್ಟಿಕೊಂಡು ಕೂತವರನ್ನು ಕೇಳಿ ನೋಡಿ, ಬೇರೆಯದೇ ಕಥೆ ಹೇಳ್ತಾರೆ. ಒಂದೇ ಸಂತೆಯಲ್ಲಿ ಈಗ ಮೂರು ಬೇರೆ ಬೇರೆ ರೇಟು ನಡೀತಿದೆ. ಒಂದು ತಳಿಯ ರೇಟು, ಒಂದು ಹಾಲಿನ ರೇಟು, ಇನ್ನೊಂದು ಮಾಂಸದ ರೇಟು. ಈ ಮೂರನ್ನೂ ಬಿಡಿಸಿ ನೋಡಿದರೆ ರೈತನ ಜೇಬಿಗೆ ಏನಾಗ್ತಿದೆ ಅನ್ನೋದು ಅರ್ಥವಾಗುತ್ತೆ.

ತೂಕ ಹಾಕೋರು ಯಾರೂ ಇಲ್ಲ

ಮೊದಲು ಒಂದು ವಿಷಯ. ನಮ್ಮ ಸಂತೆಯಲ್ಲಿ ದನಕ್ಕೆ ತಕ್ಕಡಿ ಇಲ್ಲ. ಬೇರೆ ದೇಶಗಳಲ್ಲಿ ಮಾಂಸಕ್ಕೆ ಅಂತಲೇ ಸಾಕುವ ಆಂಗಸ್, ಹೆರೆಫೋರ್ಡ್‌ನಂಥ ತಳಿಗಳಿವೆ, ಅಲ್ಲಿ ವ್ಯಾಪಾರ ನಡೆಯುವುದು ಕೆಜಿ ಲೆಕ್ಕದಲ್ಲಿ. ಬ್ರೆಜಿಲ್‌ನಲ್ಲಿ ಹೆಚ್ಚಾಗಿ ಸಾಕೋದು ನೆಲ್ಲೂರೆ ತಳಿ. ಅದರ ಮೂಲ ಬೇರೆಲ್ಲೂ ಅಲ್ಲ, ನಮ್ಮ ಪಕ್ಕದ ಆಂಧ್ರದ ಓಂಗೋಲ್ ದನ. ನೆಲ್ಲೂರಿನ ಹೆಸರೇ ಅಲ್ಲಿ ತಳಿಯ ಹೆಸರಾಗಿದೆ. ಅಲ್ಲಿ ಅದಕ್ಕೆ ಬೆಲೆ ಕಟ್ಟೋದು 15 ಕೆಜಿಗೆ ಇಷ್ಟು ಅಂತ. ಇಲ್ಲಿ ಓಂಗೋಲ್‌ಗೆ ಬೆಲೆ ಅದರ ಗತ್ತು, ಹಿಣಿಲು, ನಡಿಗೆ ನೋಡಿ. ರಕ್ತ ಒಂದೇ, ಮಾರುಕಟ್ಟೆ ಮಾತ್ರ ಬೇರೆ.

ನಮ್ಮಲ್ಲಿ ಮೊದಲು ಬಾಯಿ ಬಿಡಿಸ್ತಾರೆ.

‘ಹಲ್ಲೆಷ್ಟಣ್ಣ?’

‘ಎರಡು ಹಲ್ಲು ಯಜಮಾನ್ರೇ, ನೀವೇ ನೋಡ್ಕಳಿ.’

ಹಾಲುಹಲ್ಲಿನ ಕರು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಆಮೇಲೆ ಬಾಯಿಗೂಡಿದ್ದು. ಸುಮಾರಾಗಿ ಎರಡೂವರೆ ವರ್ಷಕ್ಕೆ ಎರಡು ಹಲ್ಲು, ಐದು ವರ್ಷದ ಹೊತ್ತಿಗೆ ಎಂಟೂ ಹಲ್ಲು. ಹಲ್ಲಾದ ಮೇಲೆ ಸುಳಿ. ಸುಳಿ ಶುದ್ಧ ಇಲ್ಲದಿದ್ರೆ ಎಷ್ಟೇ ಚೆಂದದ ಹೋರಿಯಾದ್ರೂ ರೇಟು ಬಿದ್ದುಹೋಗುತ್ತೆ. ಅದಾದ ಮೇಲೆ ಬಣ್ಣ, ಕೊಂಬು, ಜೋಡಿ ಹೊಂದಾಣಿಕೆ. ಕೊನೆಗೆ ದಳ್ಳಾಳಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸ್ತಾನೆ. ಪಕ್ಕದಲ್ಲಿ ನಿಂತವನಿಗೂ ರೇಟು ಗೊತ್ತಾಗಲ್ಲ. ಸಂಚಕಾರ ಕೈ ಬದಲಾದ ಮೇಲೆ ಹೊರಗೆ ಹೇಳೋ ರೇಟು ಎಷ್ಟು ನಿಜ ಅನ್ನೋದು ಅವರಿಬ್ಬರಿಗೇ ಗೊತ್ತು.

ಇದಕ್ಕೆ ಪೂರ್ತಿ ಉಲ್ಟಾ ಅಮೃತಮಹಲ್ ಹರಾಜು. ಮೈಸೂರು ಅರಸರ ಕಾಲದಿಂದ ಬಂದ, ಹೈದರ್–ಟಿಪ್ಪು ಕಾಲದಲ್ಲಿ ಫಿರಂಗಿ ಎಳೆದ ಈ ತಳಿಯನ್ನು ಸರ್ಕಾರವೇ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರ ಕೇಂದ್ರ ಮತ್ತು ಕಾವಲುಗಳಲ್ಲಿ ಸಾಕುತ್ತೆ. ಹೋರಿಕರುಗಳನ್ನು ಬೀರೂರಿನಲ್ಲಿ ಬಹಿರಂಗವಾಗಿ ಕೂಗಿ ಮಾರ್ತಾರೆ. ಎಲ್ಲರ ಎದುರಿಗೇ ಕೂಗೋದ್ರಿಂದ ಅಲ್ಲಿನ ರೇಟು ನಿಜವಾದ ರೇಟು.

ಮೊದಲನೇ ರೇಟು: ತಳಿಯದು

ಹಳ್ಳಿಕಾರ್ ಹಳೇ ಮೈಸೂರಿನ ದನ. ಬೆಂಗಳೂರು, ತುಮಕೂರು, ಮಂಡ್ಯ, ಮೈಸೂರು, ಹಾಸನ ಇದರ ಸೀಮೆ. 2000ನೇ ಇಸವಿಯಲ್ಲಿ ಅಂಚೆ ಇಲಾಖೆ ದೇಸಿ ದನಗಳ ಅಂಚೆಚೀಟಿ ತಂದಾಗ ಅದರಲ್ಲಿ ಹಳ್ಳಿಕಾರ್ ಕೂಡ ಇತ್ತು. ಉತ್ತರ ಕರ್ನಾಟಕಕ್ಕೆ ಹೋದ್ರೆ ಇದೇ ಜಾಗ ಖಿಲಾರಿಗೆ. ವಿಜಯಪುರ, ಬೆಳಗಾವಿ ಕಡೆ ಎತ್ತು ಅಂದ್ರೆ ಖಿಲಾರಿ. ಬೀದರ್ ಕಡೆ ದೇವಣಿ.

ಟ್ರ್ಯಾಕ್ಟರ್, ಟಿಲ್ಲರ್ ಬಂದ ಮೇಲೆ ಉಳುಮೆ ಎತ್ತಿಗೆ ಬೆಲೆ ಇಳೀಬೇಕಿತ್ತು. ಸಾಮಾನ್ಯ ಜೋಡಿಗೆ ಇಳಿದೂ ಇದೆ. ಆದ್ರೆ ಒಳ್ಳೇ ಜೋಡಿಯ ಬೆಲೆ ಏರ್ತಾನೇ ಇದೆ. ಕಾರಣ ಬೇಸಾಯ ಅಲ್ಲ, ಶೋಕಿ ಮತ್ತು ಓಟ. 2017ರಲ್ಲಿ ರಾಜ್ಯ ಸರ್ಕಾರ ಕಾನೂನು ತಿದ್ದಿ ಕಂಬಳ, ಎತ್ತಿನ ಗಾಡಿ ಓಟಕ್ಕೆ ಅವಕಾಶ ಮಾಡಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಮೇಲೆ ಓಟದ ಜೋಡಿ, ಬೀಜದ ಹೋರಿಗೆ ಗಿರಾಕಿಗಳ ಧೈರ್ಯ ಹೆಚ್ಚಾಯ್ತು. ಮೊಬೈಲ್‌ನಲ್ಲಿ ಹೋರಿ ವಿಡಿಯೋ ಓಡೋದೂ ರೇಟಿಗೆ ಸೇರಿಕೊಂಡಿದೆ. ಹಾಗಾಗಿ ಜಾತ್ರೆಯಲ್ಲಿ ಲಕ್ಷದೊಳಗಿನ ಜೋಡಿಯೂ ಸಿಗುತ್ತೆ, ಹಲವು ಲಕ್ಷ ಹೇಳೋ ಜೋಡಿಯೂ ನಿಂತಿರುತ್ತೆ.

ಒಂದು ಲೆಕ್ಕ ಹಾಕೋಣ. ಹಳ್ಳಿಕಾರ್ ಎತ್ತು ಸುಮಾರು 340 ಕೆಜಿ ತೂಗುತ್ತೆ. ಜೋಡಿ 680 ಕೆಜಿ. ಉದಾಹರಣೆಗೆ 2 ಲಕ್ಷಕ್ಕೆ ವ್ಯಾಪಾರ ಆಯ್ತು ಅಂದ್ರೆ ಕೆಜಿಗೆ 294 ರೂ. ಆಯ್ತು. ಅದಕ್ಕಿಂತ ಭಾರವಾದ, 450 ಕೆಜಿಯ ಮಿಶ್ರತಳಿ ಹಸು 80 ಸಾವಿರಕ್ಕೆ ಹೋದ್ರೆ ಕೆಜಿಗೆ 178 ರೂ. ಮಾತ್ರ. ಅಂದ್ರೆ ಹಳ್ಳಿಕಾರ್‌ಗೆ ಕೊಡೋ ದುಡ್ಡು ಮೈಗಲ್ಲ, ತಳಿಗೆ. ಈ ರೇಟು ಶೋಕಿ ಇರೋವರೆಗೆ ನಿಲ್ಲುತ್ತೆ. ಸಾಲ ಮಾಡಿ ಜೋಡಿ ಕಟ್ಟೋರು ಇದನ್ನ ನೆನಪಿಟ್ಟುಕೊಳ್ಳೋದು ಒಳ್ಳೇದು.

ಎರಡನೇ ರೇಟು: ಹಾಲಿನದು

ಸೀಮೆಹಸುವಿನ ಬೆಲೆ ಕಟ್ಟೋದು ಕೆಚ್ಚಲು ನೋಡಿ. ಎಷ್ಟನೇ ಸೂಲು, ದಿನಕ್ಕೆ ಎಷ್ಟು ಲೀಟರು, ಕರು ಹೆಣ್ಣೋ ಗಂಡೋ. ಡೇರಿಗೆ ಹಾಲು ಹಾಕೋ ಮನೆಗಳಿಗೆ ವಾರವಾರದ ಖರ್ಚು ನಡೆಯೋದೇ ಇದರಿಂದ. ಪೇಟೆಯ ದಿನಸಿ ಅಂಗಡಿ, ಹಿಂಡಿ-ಬೂಸಾ ಅಂಗಡಿಗಳ ಸಾಲದ ಪುಸ್ತಕ ಚುಕ್ತಾ ಆಗೋದೂ ಡೇರಿ ಬಟವಾಡೆ ದಿನವೇ.

ಹಸು ಕೊಳ್ಳೋನು ಕೇವಲ ಹಾಲಿನ ಲೆಕ್ಕ ಹಾಕ್ತಿರಲಿಲ್ಲ. ಐದಾರು ಸೂಲು ಕರೆದು, ಕೊನೆಗೆ ಗೊಡ್ಡು ಬಿದ್ದಾಗ ಸಂತೆಗೆ ಹೊಡೆದರೆ ಒಂದಷ್ಟು ಬರುತ್ತೆ, ಅದಕ್ಕೆ ಇನ್ನೊಂದಿಷ್ಟು ಹಾಕಿ ಹೊಸ ಕಡಸು ತರಬಹುದು ಅನ್ನೋ ಲೆಕ್ಕ ಅವನ ತಲೆಯಲ್ಲಿ ಇರ್ತಿತ್ತು. ಆ ‘ಒಂದಷ್ಟು’ ಎಲ್ಲಿಂದ ಬರ್ತಿತ್ತು ಅಂತ ಊರಲ್ಲಿ ಯಾರೂ ಬಾಯಿಬಿಟ್ಟು ಹೇಳ್ತಿರಲಿಲ್ಲ. ಆದ್ರೆ ಲೆಕ್ಕದಲ್ಲಿ ಅದು ಇತ್ತು.

ಮೂರನೇ ರೇಟು: ಕಾನೂನು ಬದಲಾದ ಮೇಲೆ

1964ರ ಹಳೇ ಕಾನೂನಿನಲ್ಲಿ ಹಸು ಮತ್ತು ಕರುವಿನ ವಧೆಗೆ ನಿಷೇಧ ಇತ್ತು. 12 ವರ್ಷ ದಾಟಿದ ಅಥವಾ ಕೆಲಸಕ್ಕೆ ಬಾರದ ಎತ್ತು, ಹೋರಿ, ಎಮ್ಮೆಗೆ ಪ್ರಮಾಣಪತ್ರ ಪಡೆದು ಅವಕಾಶ ಇತ್ತು. 2020ರ ಹೊಸ ಕಾನೂನು ಮೊದಲು ಸುಗ್ರೀವಾಜ್ಞೆಯಾಗಿ 2021ರ ಜನವರಿ 18ರಿಂದ ಜಾರಿಗೆ ಬಂತು. ಅದರ ಪ್ರಕಾರ ಹಸು, ಕರು, ಹೋರಿ, ಎತ್ತು ಯಾವ ವಯಸ್ಸಿನದಾದರೂ ವಧೆ ಮಾಡುವಂತಿಲ್ಲ. ಎಮ್ಮೆ-ಕೋಣ 13 ವರ್ಷದೊಳಗಿದ್ದರೆ ಅದೂ ನಿಷೇಧ. ತಪ್ಪಿದರೆ 3ರಿಂದ 7 ವರ್ಷ ಜೈಲು, ಮೊದಲ ಸಲ ಒಂದೊಂದು ರಾಸಿಗೆ 50 ಸಾವಿರದಿಂದ 5 ಲಕ್ಷ ರೂ. ದಂಡ.

ಕಾನೂನು ಬೇಕು ಅನ್ನೋರು, ಬೇಡ ಅನ್ನೋರು ಇಬ್ಬರೂ ನಮ್ಮ ಓದುಗರಲ್ಲಿ ಇದ್ದಾರೆ. ಆ ವಾದ ಇಲ್ಲಿ ಬೇಡ. ಸಂತೆಯ ಲೆಕ್ಕ ಮಾತ್ರ ನೋಡೋಣ. ಮುದಿ ದನಕ್ಕೆ ಮುಂಚೆ ಇದ್ದ ತಳದ ರೇಟು ಕಾನೂನಿನ ಪ್ರಕಾರ ಈಗ ಇಲ್ಲ. ತಳ ಕಿತ್ತರೆ ಮೇಲಿನದೂ ಅಲ್ಲಾಡುತ್ತೆ. ಕೊನೆಗೆ ಏನೂ ಬರಲ್ಲ ಅಂತ ಗೊತ್ತಿರೋ ಗಿರಾಕಿ ಮೊದಲೇ ಕಮ್ಮಿ ಕೇಳ್ತಾನೆ. ಮೂರು-ನಾಲ್ಕು ಸೂಲು ದಾಟಿದ ಹಸುಗೆ ಇದರ ಪೆಟ್ಟು ಜಾಸ್ತಿ.

ಇನ್ನು ಸಾಕೋ ಖರ್ಚು. ಇದಕ್ಕೆ ಸರ್ಕಾರದ್ದೇ ಒಂದು ಅಂಕಿ ಇದೆ. 2022ರಲ್ಲಿ ಬಂದ ‘ಪುಣ್ಯಕೋಟಿ ದತ್ತು ಯೋಜನೆ’ಯಲ್ಲಿ ಗೋಶಾಲೆಯ ಒಂದು ರಾಸನ್ನು ಒಂದು ವರ್ಷಕ್ಕೆ ದತ್ತು ಪಡೆಯಲು 11 ಸಾವಿರ ರೂ. ನಿಗದಿ ಮಾಡಿದ್ರು. ದಿನಕ್ಕೆ 30 ರೂಪಾಯಿ. ಬೇಸಿಗೆಯಲ್ಲಿ ಹುಲ್ಲು ಕೊಂಡು ಹಾಕೋ ರೈತನಿಗೆ 30 ರೂಪಾಯಿಗೆ ಒಂದು ಸೀಮೆಹಸುವಿನ ಹೊಟ್ಟೆ ತುಂಬಲ್ಲ ಅನ್ನೋದು ಕಟ್ಟಿ ನೋಡಿದವರಿಗೆ ಗೊತ್ತು. ಆದರೂ ಅದೇ ಅಂಕಿ ಇಟ್ಟುಕೊಳ್ಳೋಣ. ಹಾಲು ಬತ್ತಿದ ಹಸು ಇನ್ನೂ ಐದು ವರ್ಷ ಬದುಕಿದರೆ 55 ಸಾವಿರ ರೂ. ಒಬ್ಬ ಸಣ್ಣ ಹಿಡುವಳಿದಾರನ ಹಟ್ಟಿಯಲ್ಲಿ ಇಂಥವು ಎರಡು ಇದ್ದರೆ ಲಕ್ಷ ದಾಟಿತು.

ಹಳ್ಳಿಕಾರ್ ಅಥವಾ ನಾಟಿ ಹಸು ಬಯಲಲ್ಲಿ ಮೇದು ಹೇಗೋ ಜೀವ ಹಿಡಿಯುತ್ತೆ. ಸೀಮೆ ದನಕ್ಕೆ ಆ ಶಕ್ತಿ ಕಮ್ಮಿ. ಅದರಲ್ಲೂ ಸೀಮೆ ಹೋರಿಕರು. ಉಳೋದಕ್ಕೆ ಆಗಲ್ಲ, ಓಟಕ್ಕೆ ಆಗಲ್ಲ, ಹಾಲಂತೂ ಇಲ್ಲ. ಹುಟ್ಟಿದ ದಿನದಿಂದಲೇ ಅದಕ್ಕೆ ರೇಟಿಲ್ಲ. ರಾತ್ರೋರಾತ್ರಿ ಕೆರೆ ಅಂಗಳ, ದೇವಸ್ಥಾನದ ಬಯಲಿನಲ್ಲಿ ಬಿಟ್ಟುಹೋಗುವ ಕರುಗಳು ಯಾವ ತಳಿಯವು ಅಂತ ನೋಡಿದರೆ ಸಂತೆಯ ಲೆಕ್ಕ ಅಲ್ಲೇ ಕಾಣುತ್ತೆ. ಆ ಕರು ಮಾರನೇ ದಿನ ಪಕ್ಕದವನ ರಾಗಿ ಹೊಲದಲ್ಲಿರುತ್ತೆ, ಇಲ್ಲ ಹೈವೇ ಮಧ್ಯದಲ್ಲಿರುತ್ತೆ.

ಎಮ್ಮೆ, ಕುರಿ ಬೇರೆ ದಾರಿ ಹಿಡಿದಿವೆ

13 ವರ್ಷ ದಾಟಿದ ಎಮ್ಮೆ-ಕೋಣ ಈ ಕಾನೂನಿನ ‘ಜಾನುವಾರು’ ವ್ಯಾಖ್ಯೆಯಿಂದ ಹೊರಗೆ. ದೇಶದಿಂದ ರಫ್ತಾಗುವ ಬೀಫ್ ಕೂಡ ಎಮ್ಮೆ ಮಾಂಸವೇ, ಹಸುವಿನದಕ್ಕೆ ರಫ್ತು ನಿಷೇಧ ಇದೆ. ಹಾಗಾಗಿ ಮುದಿ ಎಮ್ಮೆಗೆ ತಳದ ರೇಟು ಉಳಿದಿದೆ. ತೊಡಕಿರೋದು ವಯಸ್ಸು ತೋರಿಸೋದರಲ್ಲಿ. ಬಾಯಿಗೂಡಿದ ಮೇಲೆ ಹಲ್ಲು ಸವೆದಿರೋದು ನೋಡಿ ಅಂದಾಜು ಹೇಳಬಹುದೇ ಹೊರತು 12 ವರ್ಷವೋ 13 ವರ್ಷವೋ ಅಂತ ಖಚಿತವಾಗಿ ಹೇಳೋದು ಕಷ್ಟ. ಕಾಗದ ಇಲ್ಲದೆ ಗಾಡಿ ಹತ್ತಿಸಿದರೆ ದಾರಿಯಲ್ಲಿ ತೊಂದರೆ ತಪ್ಪಿದ್ದಲ್ಲ.

ಕುರಿ, ಮೇಕೆಗೆ ಇಂಥ ಗೊಂದಲ ಯಾವುದೂ ಇಲ್ಲ. ಬನ್ನೂರು ಕುರಿಗೆ ತಳಿ ಅಂತ ಒಂದಿಷ್ಟು ಜಾಸ್ತಿ, ಉಳಿದಂತೆ ತೂಕ ನೋಡಿ ರೇಟು. ಹಬ್ಬ ಬಂದ್ರೆ ಏರುತ್ತೆ, ಹಬ್ಬ ಮುಗಿದ್ರೆ ಇಳಿಯುತ್ತೆ.

ರೈತರು ಯಾವ ಕಡೆ ವಾಲ್ತಿದ್ದಾರೆ ಅನ್ನೋದನ್ನ ಜಾನುವಾರು ಗಣತಿಯೇ ಹೇಳುತ್ತೆ. 2012ರಲ್ಲಿ ರಾಜ್ಯದಲ್ಲಿ ದನಗಳು ಸುಮಾರು 95 ಲಕ್ಷ ಇದ್ದವು, 2019ರ ಗಣತಿಯಲ್ಲಿ ಸುಮಾರು 85 ಲಕ್ಷಕ್ಕೆ ಇಳಿದವು. ಎಮ್ಮೆ ಸುಮಾರು 35 ಲಕ್ಷದಿಂದ 30 ಲಕ್ಷಕ್ಕೆ ಬಂತು. ಕುರಿ ಮಾತ್ರ ಸುಮಾರು 96 ಲಕ್ಷದಿಂದ 111 ಲಕ್ಷಕ್ಕೆ ಏರಿತು. ಇದು ಹೊಸ ಕಾನೂನಿಗೂ ಮುಂಚಿನ ಅಂಕಿ ಅನ್ನೋದು ಗಮನಿಸಿ. ಅಂದ್ರೆ ದನ ಕಮ್ಮಿಯಾಗೋದು ಮೊದಲೇ ಶುರುವಾಗಿತ್ತು. ಮೇವು, ಆಳು, ಗೋಮಾಳ ಮೂರೂ ಕಮ್ಮಿಯಾದ ಕಡೆ ದನ ಉಳಿಯೋದು ಕಷ್ಟ. ಕಾನೂನನ್ನೊಂದನ್ನೇ ದೂರಿ ಸುಮ್ಮನಾದರೆ ಲೆಕ್ಕ ತಪ್ಪುತ್ತೆ.

ಅಂಗಡಿಯವರಿಗೆ ಇದರಿಂದೇನು?

2022ರಲ್ಲಿ ಚರ್ಮಗಂಟು ರೋಗ ಹರಡಿ ದನದ ಜಾತ್ರೆ, ಸಂತೆಗಳಿಗೆ ತಡೆ ಬಿದ್ದಾಗ ಪೆಟ್ಟು ತಿಂದವರು ರೈತರು ಮಾತ್ರ ಅಲ್ಲ. ಹಗ್ಗ, ಮೂಗುದಾರ, ಗೆಜ್ಜೆ ಮಾರೋರು, ಹೋಟೆಲಿನವರು, ಹುಲ್ಲು ತರೋರು, ಟೆಂಪೋದವರು ಎಲ್ಲರೂ ಕೈಕಟ್ಟಿ ಕೂತರು. ಹಸು ಮಾರಿದ ದುಡ್ಡು ಹಟ್ಟಿಯಲ್ಲಿ ಉಳಿಯಲ್ಲ. ಮಕ್ಕಳ ಫೀಸು, ಬೋರ್‌ವೆಲ್ ಮೋಟಾರ್ ರಿಪೇರಿ, ಮದುವೆ ಜವಳಿ ಅಂತ ಪೇಟೆಗೇ ಬರುತ್ತೆ. ಮುದಿ ದನ ದುಡ್ಡಾಗದೆ ಖರ್ಚಾದರೆ ಆ ದುಡ್ಡು ಪೇಟೆಗೆ ಬರೋದೂ ನಿಲ್ಲುತ್ತೆ.

ಈಗ ಕೈಯಲ್ಲಿರೋ ದಾರಿ

ಒಂದು, ಹೋರಿಕರು ಹುಟ್ಟೋದನ್ನೇ ಕಮ್ಮಿ ಮಾಡೋದು. ಲಿಂಗ ನಿರ್ಧರಿತ ವೀರ್ಯ ಕಡ್ಡಿ ಬಳಸಿದರೆ ಹತ್ತರಲ್ಲಿ ಸುಮಾರು ಒಂಬತ್ತು ಹೆಣ್ಣುಕರುವೇ ಹುಟ್ಟುತ್ತೆ. ಹಸು ಬೆದೆಗೆ ಬಂದಾಗ ಪಶು ಆಸ್ಪತ್ರೆಯಲ್ಲಿ ‘ಹೆಣ್ಣುಕರು ಕಡ್ಡಿ ಇದೆಯಾ?’ ಅಂತ ಕೇಳಿ. ಸೀಮೆಹಸು ಕಟ್ಟಿದವರಿಗೆ ಸದ್ಯಕ್ಕೆ ಹೆಚ್ಚು ಉಪಯೋಗ ಇರೋದು ಇದರಲ್ಲೇ.

ಎರಡು, ಕಿವಿಯೋಲೆ. 12 ಅಂಕಿಯ ಆ ಹಳದಿ ಬಿಲ್ಲೆಯನ್ನ ಕಿತ್ತು ಬಿಸಾಡಬೇಡಿ. ಕರುವಿದ್ದಾಗಲೇ ಹಾಕಿಸಿದರೆ ವಯಸ್ಸು, ಲಸಿಕೆ, ಮಾಲೀಕ ಎಲ್ಲಕ್ಕೂ ಅದೇ ದಾಖಲೆ. ಕೊಳ್ಳೋರೂ ಅಷ್ಟೆ, ಕಾಲುಬಾಯಿ ಜ್ವರ, ಚರ್ಮಗಂಟು ಲಸಿಕೆ ಆಗಿದೆಯಾ ಕೇಳಿ, ರಸೀದಿ ಇಲ್ಲದೆ ಗಾಡಿ ಹತ್ತಿಸಬೇಡಿ.

ಮೂರನೆಯದು ಸರ್ಕಾರ ಮಾಡಬೇಕಾದ ಕೆಲಸ. ಜಿಲ್ಲೆಗೊಂದು ಗೋಶಾಲೆ ಅಂತ ಘೋಷಣೆಯಾಗಿತ್ತು. ಒಂದು ಜಿಲ್ಲೆಯ ಮುದಿ ದನಗಳಿಗೆ ಒಂದು ಗೋಶಾಲೆ ಸಾಲಲ್ಲ ಅನ್ನೋದಕ್ಕೆ ದೊಡ್ಡ ಲೆಕ್ಕ ಬೇಕಿಲ್ಲ. ಗೋಶಾಲೆಯ ದನಕ್ಕೆ ವರ್ಷಕ್ಕೆ 11 ಸಾವಿರ ಬೇಕು ಅಂತ ಸರ್ಕಾರವೇ ಒಪ್ಪಿದ ಮೇಲೆ, ಅದೇ ದನವನ್ನು ಹಟ್ಟಿಯಲ್ಲೇ ಸಾಕೋ ರೈತನಿಗೆ ಆ ದುಡ್ಡು ಯಾಕಿಲ್ಲ? ಮುಂದಿನ ಗ್ರಾಮಸಭೆಯಲ್ಲಿ, ಡೇರಿ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಇದು.

ಈ ಸಲ ಘಾಟಿ ಬಯಲಿಗೆ ಹೋದಾಗ ಕಳಸ ತೊಟ್ಟ ಜೋಡಿಯನ್ನ ಕಣ್ತುಂಬ ನೋಡಿ. ವಾಪಸ್ ಬಂದ ಮೇಲೆ ನಿಮ್ಮ ಹಟ್ಟಿಯ ಮೂಲೆಯಲ್ಲಿ ಕಟ್ಟಿರೋ ಗೊಡ್ಡು ಹಸುವನ್ನೂ ಒಮ್ಮೆ ನೋಡಿ, ಅದಕ್ಕೆ ವರ್ಷಕ್ಕೆ ಎಷ್ಟು ಖರ್ಚಾಗ್ತಿದೆ ಅಂತ ಬರೆದಿಡಿ. ಸಭೆಯಲ್ಲಿ ಮಾತಾಡುವಾಗ ಆ ಅಂಕಿ ಕೈಯಲ್ಲಿರಬೇಕು.