ಗುಡ್ಡಕ್ಕೆ ಹೊರಟ ಟ್ರೇಲರ್

ಮಕ್ಕಳೇ, ಭಾರತ ಹುಣ್ಣಿಮೆ ಹತ್ತಿರ ಬಂತು. ನಮ್ಮ ಸಾಲಹಳ್ಳಿಯೇ ಇರಲಿ, ಬೈಲಹೊಂಗಲ, ಕಿತ್ತೂರು ಕಡೆಯ ಯಾವ ಊರೇ ಇರಲಿ, ಈಗ ಮನೆ ಮುಂದೆ ಟ್ರೇಲರ್ ತೊಳೆದು ನಿಲ್ಲಿಸಿರುತ್ತಾರೆ. ಮೇಲೆ ಕಮಾನು ಕಟ್ಟಿ ತಾಡಪತ್ರಿ ಹೊದಿಸಿ, ಕೆಳಗೆ ಮೇವು ಹಾಸಿ, ಅದರ ಮೇಲೆ ಕೌದಿ. ಒಂದು ಮೂಲೆಗೆ ರೊಟ್ಟಿ ಬುಟ್ಟಿ, ಇನ್ನೊಂದಕ್ಕೆ ಒಲೆ, ಕಟ್ಟಿಗೆ, ನೀರಿನ ಕೊಡ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಎರಡು ಮೂರು ದಿನದ ಸಂಸಾರವೇ ಹೊರಡುತ್ತದೆ. ವಿದೇಶದಲ್ಲಿ ಕಾರಿನ ಹಿಂದೆ ಮಲಗುವ ಕೋಣೆ, ಅಡುಗೆಮನೆ ಇರುವ ಗಾಡಿ ಕಟ್ಟಿಕೊಂಡು ಪ್ರವಾಸ ಹೋಗುತ್ತಾರೆ, ಅದಕ್ಕೆ ಕ್ಯಾರವಾನ್ ಎಂದು ಹೆಸರು. ನಮ್ಮ ಕ್ಯಾರವಾನ್ ಇದು. ಹಳ್ಳಿಯ ಬಾಯಲ್ಲಿ ಇದು ‘ಟೇಲರ್’ ಆಗಿದೆ. ಅಂಗಿ ಹೊಲಿಯುವವನೂ ಟೇಲರ್, ಅಂಗಿ ತೊಟ್ಟವರನ್ನು ಹೊರುವುದೂ ಟೇಲರ್!

ಅಜ್ಜಂದಿರಿಗೆ ಚಕ್ಕಡಿಯ ಕಾಲ ನೆನಪಿದೆ. ಹೊರಡುವ ಮುಂಚೆ ಅಚ್ಚಿಗೆ ಎಣ್ಣೆ ಬಿಟ್ಟು, ಕಡಾಣಿ ಗಟ್ಟಿ ಇದೆಯೇ ಎಂದು ಕೈಯಿಂದ ಅಲುಗಾಡಿಸಿ ನೋಡುತ್ತಿದ್ದರು. ಇಳುಕಲಿನಲ್ಲಿ ಬಂಡಿ ಮುಂದಕ್ಕೆ ನೂಕಿದರೆ ಎತ್ತುಗಳು ತಾವೇ ಕಾಲು ಊರಿ, ಕತ್ತು ಎತ್ತಿ ತಡೆಯುತ್ತಿದ್ದವು. ಎತ್ತಿಗೆ ಬುದ್ಧಿ ಇತ್ತು. ಟ್ರೇಲರಿಗೆ ಎಂಜಿನ್ನೂ ಇಲ್ಲ, ಬುದ್ಧಿಯೂ ಇಲ್ಲ, ಹಳ್ಳಿಯ ಎಷ್ಟೋ ಟ್ರೇಲರುಗಳಿಗೆ ಬ್ರೇಕೂ ಇಲ್ಲ. ಅದರ ಭಾರವನ್ನೆಲ್ಲ ಮುಂದಿನ ಟ್ರ್ಯಾಕ್ಟರೇ ತಡೆಯಬೇಕು. ಸಾಧಾರಣ ಟ್ರ್ಯಾಕ್ಟರಿನ ತೂಕ ಸುಮಾರು ಎರಡು ಟನ್, ತುಂಬಿದ ಟ್ರೇಲರ್ ಅದಕ್ಕಿಂತ ಎಷ್ಟೋ ಭಾರ. ಒಂಬತ್ತನೇ ತರಗತಿಯವರು ಚಲನಶಕ್ತಿಯ ಪಾಠ ತೆಗೆದು ನೋಡಿ. ವೇಗ ಎರಡು ಪಟ್ಟಾದರೆ ಆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಅದನ್ನೆಲ್ಲ ಬ್ರೇಕು ನುಂಗಬೇಕು.

ಅದಕ್ಕೇ ಇಳುಕಲು ಶುರುವಾಗುವ ಮೊದಲೇ ಸಣ್ಣ ಗೇರಿಗೆ ಬರಬೇಕು. ಎಂಜಿನ್ನೇ ಹಿಡಿದು ಇಳಿಸುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಗಾಡಿ ಬಿಡುವ ಶೂರರಿದ್ದಾರೆ. ಉಳಿಯುವುದು ಒಂದು ಚಹಾದ ದುಡ್ಡು, ಅಷ್ಟೇ. ತಿರುವಿನಲ್ಲಿ ಜೋರಾಗಿ ಬ್ರೇಕು ಒತ್ತಿದರೆ ಹಿಂದಿನ ಭಾರ ಟ್ರ್ಯಾಕ್ಟರನ್ನು ಅಡ್ಡಕ್ಕೆ ನೂಕಿ ಎರಡೂ ಚಾಕುವಿನಂತೆ ಮಡಚಿಕೊಳ್ಳುತ್ತವೆ. ಟ್ರ್ಯಾಕ್ಟರಿಗೆ ಎಡಕ್ಕೊಂದು ಬಲಕ್ಕೊಂದು ಬ್ರೇಕು ಪೆಡಲ್ ಇರುವುದನ್ನು ಗಮನಿಸಿದ್ದೀರಾ? ಹೊಲದಲ್ಲಿ ಚಿಕ್ಕ ಜಾಗದಲ್ಲಿ ತಿರುಗಿಸಲು ಆ ಏರ್ಪಾಡು. ರಸ್ತೆಗೆ ಬಂದಾಗ ಎರಡನ್ನೂ ಕೊಂಡಿ ಹಾಕಿ ಜೋಡಿಸಬೇಕು, ಇಲ್ಲದಿದ್ದರೆ ಒಂದೇ ಗಾಲಿ ಹಿಡಿದು ಗಾಡಿ ಗಿರಕ್ಕನೆ ತಿರುಗುತ್ತದೆ.

ಹೋದ ವರ್ಷ ಜಾತ್ರೆಗೆ ಹೋಗುವಾಗ ರಾತ್ರಿ ಹತ್ತರ ಸುಮಾರಿಗೆ ಏರಿನ ಮೇಲೆ ನಮ್ಮ ಮುಂದಿದ್ದ ಟ್ರ್ಯಾಕ್ಟರ್ ಹೊಗೆಯಾಡಿ ನಿಂತಿತು. ಟ್ರೇಲರಿನ ಒಂದು ಟೈರೂ ನೆಲಕ್ಕೆ ಕೂತಿತ್ತು. ಗಂಡಸರೆಲ್ಲ ಎಂಜಿನ್ ಸುತ್ತ ಸೇರಿ ಆಳಿಗೊಂದು ಸಲಹೆ ಕೊಡತೊಡಗಿದರು. ಹಾಡಿನ ಡಬ್ಬಿ ಇನ್ನೂ ಕಿರುಚುತ್ತಿತ್ತು. ಟ್ರೇಲರಿನಲ್ಲಿ ಹೆಂಗಸರು, ಮಕ್ಕಳು ಕೂತೇ ಇದ್ದರು. ಒಳಗಿದ್ದ ಮುದುಕಿಯೊಬ್ಬಳು ತಾಡಪತ್ರಿ ಸರಿಸಿ, “ಎಂಜಿನ್ ಎಲ್ಲಿಗೂ ಓಡಿ ಹೋಗಂಗಿಲ್ಲ, ಓಡೂದು ಇದು! ಮೊದಲ ಗಾಲಿಗೆ ಕಲ್ಲ ಕೊಡ್ರೋ” ಎಂದಳು. ಆಮೇಲೆ ಕಲ್ಲು ಬಂದವು, ಎಲ್ಲರನ್ನೂ ರಸ್ತೆಯ ಆಚೆಗೆ ಹೊಲದ ಬದುವಿನ ಮೇಲೆ ಕೂರಿಸಿದರು.

ಆ ಮುದುಕಿ ಹೇಳಿದ್ದೇ ಸರಿಯಾದ ಕ್ರಮ. ಕೆಟ್ಟಿರುವುದು ಯಾವುದೇ ಇರಲಿ, ಮೊದಲು ಹಿಂದಿನ ಗಾಡಿ. ಗಾಲಿಗೆ ಕಲ್ಲು, ಜನರನ್ನು ಕೆಳಗಿಳಿಸುವುದು, ಹಿಂದೆ ಬರುವವರಿಗೆ ಕಾಣುವಂತೆ ದೂರದಲ್ಲಿ ಗುರುತು. ಈಗ ಕಬ್ಬಿನ ಹಂಗಾಮು ಬೇರೆ. ಎರಡೆರಡು ಟ್ರೇಲರ್ ಕಟ್ಟಿಕೊಂಡು ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳು ಇಡೀ ರಾತ್ರಿ ಓಡಾಡುತ್ತವೆ. ಗಿಡದ ಟೊಂಗೆ ಮುರಿದಿಟ್ಟರೆ ಹಗಲಿಗೆ ಸರಿ, ಕತ್ತಲಲ್ಲಿ ಕಾಣದು. ಬೆಳಕು ಬಿದ್ದರೆ ಹೊಳೆಯುವ ಕೆಂಪು ತ್ರಿಕೋನ ಬೇಕು, ಟ್ರೇಲರಿನ ಹಿಂದೆ ಹೊಳೆಯುವ ಪಟ್ಟಿ ಬೇಕು. ಪಟ್ಟಿಗೆ ಮೆತ್ತಿದ ಕೆಸರು ಒರೆಸುವುದು ಮಕ್ಕಳೂ ಮಾಡಬಹುದಾದ ಕೆಲಸ. ಹಾಗೆಂದು ಬ್ಯಾಟರಿ ಹಿಡಿದು ರಸ್ತೆಯಲ್ಲಿ ನಿಲ್ಲಬೇಡಿ. ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವೆಯಂತೂ ಯಾರೂ ನಿಲ್ಲಬಾರದು.

ಕಾದ ರೇಡಿಯೇಟರಿನ ಮುಚ್ಚಳ ಬಿಚ್ಚಬಾರದು. ಒಳಗೆ ಒತ್ತಡದಲ್ಲಿರುವ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ, ಮುಚ್ಚಳ ತೆಗೆದೊಡನೆ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಮನೆಯ ಕುಕ್ಕರಿನ ಲೆಕ್ಕವೇ. ತಣ್ಣಗಾಗುವವರೆಗೆ ರೊಟ್ಟಿ ಬಿಚ್ಚಿ ತಿನ್ನಿ. ಟೈರು ಬದಲಿಸುವಾಗ ಜ್ಯಾಕಿನ ಕೆಳಗೆ ದಪ್ಪ ಹಲಗೆ ಇರಬೇಕು, ನಮ್ಮ ಎರೆ ಮಣ್ಣಿನಲ್ಲಿ ಬರೀ ಜ್ಯಾಕು ಹೂತು ಹೋಗುತ್ತದೆ. ಗಾಡಿ ಎತ್ತುವ ಮೊದಲೇ ನಟ್ಟು ಸ್ವಲ್ಪ ಸಡಿಲಿಸಿ, ಹಾಕುವಾಗ ಎದುರುಬದುರಾಗಿ ಬಿಗಿದು, ನಾಲ್ಕೈದು ಕಿಲೋಮೀಟರ್ ಹೋದ ಮೇಲೆ ಇಳಿದು ಮತ್ತೊಮ್ಮೆ ಬಿಗಿಯಬೇಕು. ಎರಡು ಗಾಲಿಯ ಟ್ರೇಲರನ್ನು ಬಿಚ್ಚುವಾಗ ಹಿಂಭಾರ ಇದ್ದರೆ ಮೂತಿ ಆಕಾಶಕ್ಕೆ ಎದ್ದು ಬಡಿಯುತ್ತದೆ. ಚಕ್ಕಡಿ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬ್ಯಾಂಕಿನಲ್ಲಿ ಟ್ರ್ಯಾಕ್ಟರ್ ಸಾಲದ ಕಾಗದ ನೋಡಿದವನಾಗಿ ಇನ್ನೊಂದು ಮಾತು ಹೇಳಲೇಬೇಕು. ನಮಗೆ ಒಂದೇ ಗಾಡಿಯಂತೆ ಕಂಡರೂ ಟ್ರ್ಯಾಕ್ಟರಿಗೆ ಒಂದು ನಂಬರು, ಟ್ರೇಲರಿಗೆ ಬೇರೆ ನಂಬರು. ಆ ಟ್ರೇಲರ್ ಸರಕಿಗಾಗಿ ಇರುವುದು, ಜನರನ್ನು ಕೂರಿಸಲು ಕಾನೂನು ಒಪ್ಪುವುದಿಲ್ಲ. ಅನಾಹುತವಾದರೆ ವಿಮೆಯ ಹಣಕ್ಕೂ ತಕರಾರು ಬರುತ್ತದೆ. ತಲೆಮಾರುಗಳಿಂದ ನಡೆದು ಬಂದದ್ದು ಎಂದು ಹಿರಿಯರು ನನ್ನ ಮೇಲೆ ಸಿಟ್ಟಾಗಬಹುದು. ಆಗಲಿ. 2023ರ ಜನವರಿಯಲ್ಲಿ, ಬನದ ಹುಣ್ಣಿಮೆಯ ಹೊತ್ತಿಗೆ, ನಮ್ಮದೇ ತಾಲೂಕಿನ ಹುಲಕುಂದದಿಂದ ಗುಡ್ಡಕ್ಕೆ ನಡೆದು ಹೊರಟವರು ದಾರಿಯಲ್ಲಿ ಸರಕಿನ ವಾಹನವೊಂದನ್ನು ಹತ್ತಿದರು. ಚುಂಚನೂರ ಹತ್ತಿರ ಅದು ಮರಕ್ಕೆ ಬಡಿದು ಆರು ಜನ ತೀರಿಕೊಂಡರು. ಟ್ರೇಲರ್ ಕೆಟ್ಟು ನಿಂತಾಗಲೂ ಸಿಕ್ಕ ಗೂಡ್ಸ್ ಗಾಡಿಗೆ ಕೈ ಮಾಡುವ ಆತುರ ಹುಟ್ಟುವುದು ಹೀಗೆಯೇ.

ನಾನು ಹೇಳುವುದು ಇಷ್ಟು: ಒಲೆ, ಕಟ್ಟಿಗೆ, ಕೌದಿ, ರೊಟ್ಟಿ ಟ್ರೇಲರಿನಲ್ಲಿ ಹೋಗಲಿ, ಜನ ಬಸ್ಸಿನಲ್ಲಿ ಹೋಗಲಿ. ಜಾತ್ರೆಗೆ ವಾಯವ್ಯ ಸಾರಿಗೆಯವರು ಹೆಚ್ಚಿನ ಬಸ್ ಬಿಡುತ್ತಾರೆ. 2023ರ ಜೂನ್ 11ರಿಂದ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ದುಡ್ಡೂ ಇಲ್ಲ. ಬಸ್ಸಿನಲ್ಲಿ ಕೌದಿ ಹಾಸಿ ಮಲಗಲು ಬರುವುದಿಲ್ಲ ನಿಜ, ಆದರೆ ಅಜ್ಜಿಯ ಸೊಂಟಕ್ಕೆ ಟ್ರೇಲರಿನ ಕುಲುಕಾಟವೇನು ಹಿತವೇ?

ಅಂದು ಟೈರು ಬದಲಾಗುವ ಹೊತ್ತಿಗೆ ಹನ್ನೆರಡು ದಾಟಿತ್ತು. ಡ್ರೈವರ್ ಹತ್ತಿ ಗಾಡಿ ಚಾಲೂ ಮಾಡಿದ. ಆಗ ಆರನೇ ತರಗತಿಯ ಹುಡುಗಿಯೊಬ್ಬಳು “ಮಾಮಾ, ಕಲ್ಲು!” ಎಂದು ಕೂಗಿದಳು. ಊರೂರ ರಸ್ತೆಯಲ್ಲಿ ಹೀಗೆ ಗಾಲಿಗಿಟ್ಟು ಮರೆತು ಹೋದ ಕಲ್ಲುಗಳಿಗೆ ರಾತ್ರಿ ಬೈಕಿನವರು ಬಡಿದು ಬೀಳುತ್ತಾರೆ. ನಾಲ್ಕು ಇಟ್ಟಿದ್ದರು ಎಂದು ಅವಳು ಲೆಕ್ಕ ಇಟ್ಟಿದ್ದಳು. ಮೂರು ಸಿಕ್ಕವು. ನಾಲ್ಕನೆಯದು ಒಳಗಡೆಯ ಗಾಲಿಯ ಹಿಂದೆ ಇತ್ತು. ಡ್ರೈವರ್ ಮತ್ತೆ ಇಳಿದು ಬಂದು ಅದನ್ನು ಕಾಲಿನಿಂದ ಉರುಳಿಸಿ ಗಟಾರಕ್ಕೆ ಹಾಕಿದ.